ಪಂಚಾಮೃತ ಕುಡಿದ ಕಬ್ಬಿಣ

ನಮ್ಮ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯುವುದೆಂದರೆ ಸಣ್ಣ ಸಮಾರಂಭವೇ ಸರಿ. ಮೊಳೆ ಬೇಕೋ ಬೇಡವೋ ಎಂದು ಎರಡು ದಿನ ಚರ್ಚೆ ನಡೆಯುತ್ತದೆ. ಬೇಕು ಎಂದು ತೀರ್ಮಾನವಾದರೆ ಎಲ್ಲಿ ಎಂದು ಮತ್ತೆ ಎರಡು ದಿನ. ಆಮೇಲೆ ಹಿಂದಿನ ಓಣಿಯಲ್ಲಿರುವ, ಇಂಥ ಕೆಲಸ ಬಲ್ಲ ಒಬ್ಬರಿಗೆ ಹೇಳಿಕಳಿಸುತ್ತೇವೆ. ಅವರು ಬಂದು, ಕೂತು, ಚಹಾ ಕುಡಿದು, ಊರ ಸುದ್ದಿಯನ್ನೆಲ್ಲ ಹೇಳಿ ಮುಗಿಸಿ, ಏಳುವ ಮೊದಲು ಅರ್ಧ ನಿಮಿಷದಲ್ಲಿ ಮೊಳೆ ಹೊಡೆದುಬಿಡುತ್ತಾರೆ. ಅವರು ಹೋದ ಮೇಲೆ ಮನೆಮಂದಿಯೆಲ್ಲ ಆ ಮೊಳೆಯ ಮುಂದೆ ನಿಂತು, ಎಷ್ಟು ನೆಟ್ಟಗೆ ಹೋಗಿದೆ ಎಂದು ಕೊಂಡಾಡುತ್ತೇವೆ. ಧಾರವಾಡದ ಮಾಳಮಡ್ಡಿಯಲ್ಲಿ ಮೂರು ತಲೆಮಾರಿನಿಂದ ಹೀಗೆಯೇ ನಡೆದುಕೊಂಡು ಬಂದ ಮನೆ ನಮ್ಮದು. ಅಜ್ಜ ಶಾಲೆಯಲ್ಲಿ ಸಂಗೀತದ ಮಾಸ್ತರರಾಗಿದ್ದವರು. ಅಪ್ಪ ಸರಕಾರಿ ಕಚೇರಿಯಲ್ಲಿದ್ದಾರೆ. ಅವ್ವ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಾಳೆ. ಅಜ್ಜಿ ನಮ್ಮೆಲ್ಲರನ್ನೂ ಆಳುತ್ತಾಳೆ. ಮನೆಯಲ್ಲಿರುವ ಉಪಕರಣಗಳು ಮೂರು: ಅಜ್ಜ ತಬಲಾ ಶ್ರುತಿ ಮಾಡಲು ಇಟ್ಟುಕೊಂಡಿರುವ ಸುತ್ತಿಗೆ, ಅಡುಗೆಮನೆಯ ಈಳಿಗೆಮಣೆ, ಮತ್ತು ಡಬ್ಬಿಗಳ ಮುಚ್ಚಳ ಎಬ್ಬಿಸುವುದಕ್ಕೆ ಮಾತ್ರ ಬಳಸುವ ಒಂದು ಸ್ಕ್ರೂಡ್ರೈವರ್. ಇಂಥ ಮನೆಯಿಂದ ನಾನು ಎಂಜಿನಿಯರಿಂಗ್ ಓದಲು ಹೊರಟೆ.

ಬಹಳ ವಿಚಾರ ಮಾಡಿ ಹೊರಟೆ ಎಂದು ಯಾರೂ ತಿಳಿಯಬಾರದು. ಪಿಯುಸಿಯಲ್ಲಿ ಅಂಕ ಬಂದವು, ಅಂಕ ಬಂದದ್ದಕ್ಕೆ ಸಿಇಟಿ ಬರೆದೆ, ಸಿಇಟಿ ಬರೆದದ್ದಕ್ಕೆ ಸೀಟು ಬಂತು, ಬಂದ ಸೀಟನ್ನು ಬೇಡ ಎನ್ನುವುದು ನಮ್ಮಲ್ಲಿ ಬಡಿಸಿದ ಎಲೆಯಿಂದ ಎದ್ದುಹೋದಂತೆ. ಹುಬ್ಬಳ್ಳಿಯಲ್ಲಿ ಗಬ್ಬೂರಿನ ಆಚೆ, ಬೈಪಾಸ್ ರಸ್ತೆಯ ಪಕ್ಕದಲ್ಲಿ ಕಾಲೇಜು. ವಿಷಯ ಕಂಪ್ಯೂಟರ್ ಸೈನ್ಸ್. "ಕಂಪ್ಯೂಟರ್ ಅಂದ್ರ ಛಲೋ ಆತು ಬಿಡು, ಕೈ ಹೊಲಸಾಗೂದಿಲ್ಲ" ಎಂದು ಅಜ್ಜಿ ಒಪ್ಪಿಗೆ ಕೊಟ್ಟಳು. ಮೊದಲ ವರ್ಷ ಯಾವ ಶಾಖೆಯವರೇ ಆಗಲಿ, ವರ್ಕ್‌ಶಾಪಿನಲ್ಲಿ ನಿಂತು ಕಬ್ಬಿಣ ತಿಕ್ಕಬೇಕು ಎಂಬುದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎಂಟೂವರೆಗೆ ಮೊದಲ ಕ್ಲಾಸು. ಮಾಳಮಡ್ಡಿಯಿಂದ ಹೊರಟು ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿ, ಅಲ್ಲಿ ಇಳಿದು ಮತ್ತೊಂದು ಬಸ್ಸಿನಲ್ಲಿ ಗಬ್ಬೂರ. ನಮ್ಮ ಮನೆಯಲ್ಲಿ ದೇವರ ನೈವೇದ್ಯವಾಗದೆ ಯಾರೂ ತಿನ್ನುವ ಹಾಗಿಲ್ಲ. ತಿನ್ನದೆ ಯಾರೂ ಹೊರಗೆ ಹೋಗುವ ಹಾಗೂ ಇಲ್ಲ. ಆದ್ದರಿಂದ ನನ್ನ ಸಲುವಾಗಿ ದೇವರೂ ಬೆಳಗಿನ ಆರು ಗಂಟೆಗೇ ಅವಲಕ್ಕಿ ತಿನ್ನುವ ರೂಢಿ ಮಾಡಿಕೊಳ್ಳಬೇಕಾಯಿತು. ಕಾಲೇಜಿನಲ್ಲಿ ಮೊದಲ ದಿನವೇ ಒಬ್ಬ ಮೇಡಂ, "ನಿಮ್ಮಲ್ಲಿ ಶಾಲೆಗೇ ಹೆಚ್ಚು ಅಂಕ ತೆಗೆದು ಮೊದಲು ಬಂದವರು ಯಾರು?" ಎಂದು ಕೇಳಿದರು. ನಾನು ವಿನಯದಿಂದ ಅರ್ಧ ಕೈ ಎತ್ತಿ ಸುತ್ತ ನೋಡಿದರೆ ಎಪ್ಪತ್ತು ಕೈಗಳು ಮೇಲಿದ್ದವು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಪ್ರೋಗ್ರಾಮಿಂಗ್ ಕ್ಲಾಸಿನಲ್ಲಿ ಸರ್ ಏನೋ ಹೇಳಿದರೆ ಎಲ್ಲರೂ ತಲೆ ಆಡಿಸುತ್ತಿದ್ದರು. ಎಲ್ಲರಿಗೂ ತಿಳಿದಿದೆ, ನನಗೊಬ್ಬಳಿಗೇ ತಿಳಿದಿಲ್ಲ ಎಂಬ ಭಯಕ್ಕೆ ನಾನೂ ಆಡಿಸುತ್ತಿದ್ದೆ. ಉಳಿದವರು ತಲೆ ಆಡಿಸುತ್ತಿದ್ದದ್ದು ನನ್ನನ್ನು ನೋಡಿ ಎಂಬುದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ ಇಪ್ಪತ್ತೈದಕ್ಕೆ ಏಳು ಬಂತು. ಏಳು ಎಂಬ ಅಂಕಿಯನ್ನು ನನ್ನ ಉತ್ತರಪತ್ರಿಕೆಯಲ್ಲಿ ಅಲ್ಲಿಯತನಕ ಪ್ರಶ್ನೆಯ ಸಂಖ್ಯೆಯಾಗಿ ಮಾತ್ರ ನೋಡಿದ್ದೆ.

ಆದರೂ ಗಣಿತ ಪರವಾಗಿಲ್ಲ, ಅದನ್ನು ಮುಚ್ಚಿಡಬಹುದು. ವರ್ಕ್‌ಶಾಪಿನಲ್ಲಿ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಅಲ್ಲಿ ನಮ್ಮ ಗುರುಗಳು ಬಡಿಗೇರ ಸರ್. ಖಾಕಿ ಅಂಗಿ, ಕಿವಿಯ ಹಿಂದೆ ಪೆನ್ಸಿಲು, ಮೂವತ್ತು ವರ್ಷದ ಅನುಭವ. ಮೊದಲ ದಿನ ಅವರು ಪ್ರತಿಯೊಬ್ಬರ ಕೈಗೂ ಅಂಗೈಯಗಲದ ಎರಡು ಚಪ್ಪಟೆ ಕಬ್ಬಿಣದ ತಟ್ಟೆ ಕೊಟ್ಟರು. ಒಂದರಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ಹಳ್ಳ ಕತ್ತರಿಸಬೇಕು, ಇನ್ನೊಂದರಲ್ಲಿ ಅದೇ ಆಕಾರದ ಮೂಗು ಬಿಡಿಸಬೇಕು, ಅರದಿಂದ ತಿಕ್ಕಿ ತಿಕ್ಕಿ ಎರಡನ್ನೂ ಒಂದಕ್ಕೊಂದು ಕೂಡುವಂತೆ ಮಾಡಬೇಕು. ಇದಕ್ಕೆ 'ಜಾಬ್' ಎನ್ನುತ್ತಾರೆ. ಜಾಬಿನ ಮೇಲೆ ನಮ್ಮ ನಂಬರನ್ನು ಪಂಚ್ ಮಾಡಿರುತ್ತಾರೆ, ತಪ್ಪಿಸಿಕೊಳ್ಳುವಂತಿಲ್ಲ. ಪರೀಕ್ಷೆ ಬಹಳ ಸರಳ. ಕೂಡಿಸಿದ ಜಾಬನ್ನು ಸರ್ ಕಿಟಕಿಯ ಕಡೆ ಎತ್ತಿ ಹಿಡಿಯುತ್ತಾರೆ. ನಡುವಿನ ಸಂದಿನಿಂದ ಬೆಳಕು ಕಾಣಬಾರದು. ಆಮೇಲೆ ಬಿಡಿಸಿ, ಒಂದು ತುಂಡನ್ನು ಮಗುಚಿ, ಮತ್ತೆ ಕೂಡಿಸಿ ನೋಡುತ್ತಾರೆ. ಆಗಲೂ ಕಾಣಬಾರದು. "ನಾ ಸುಳ್ಳ ಹೇಳಬಹುದು, ನೀವೂ ಹೇಳಬಹುದು. ಬೆಳಕು ಹೇಳೂದಿಲ್ಲ" ಎನ್ನುವುದು ಅವರ ಮೊದಲ ಪಾಠವಾಗಿತ್ತು; ಕೊನೆಯ ಪಾಠವೂ ಅದೇ.

ನನ್ನ ಪಕ್ಕದ ಮೇಜಿನಲ್ಲಿ ನಿಲ್ಲುತ್ತಿದ್ದವಳು ಅಮ್ಮಿನಬಾವಿಯ ರೇಣುಕಾ. ಅವರ ಮನೆಯಲ್ಲಿ ಟ್ರ್ಯಾಕ್ಟರು, ಔಷಧಿ ಹೊಡೆಯುವ ಪಂಪು, ಎಲ್ಲವೂ ಇದ್ದವು, ಎಲ್ಲವೂ ಕೆಡುತ್ತಿದ್ದವು, ಕೆಟ್ಟದ್ದನ್ನು ಮನೆಯವರೇ ರಿಪೇರಿ ಮಾಡುತ್ತಿದ್ದರು. ಅರ ಅವಳ ಕೈಯಲ್ಲಿ ತಾನಾಗಿಯೇ ಓಡುತ್ತಿತ್ತು. ಮೂರನೇ ಕ್ಲಾಸಿಗೆ ಅವಳ ಜಾಬ್ ಮುಗಿಯಿತು. ಆಮೇಲೆ ಅವಳು ಮೇಜಿಗೆ ಒರಗಿ ನಿಂತು ನನ್ನನ್ನೇ ನೋಡತೊಡಗಿದಳು.

"ಮೇಧಾ, ನೀ ಅದನ್ನ ತಿಕ್ಕಾಕತ್ತೀಯೋ, ಸಮಾಧಾನ ಮಾಡಾಕತ್ತೀಯೋ?" ಎಂದು ಒಂದು ದಿನ ಕೇಳಿದಳು.

ಅವಮಾನವಾಗಿ ನಾನು ಜೋರಾಗಿ ತಿಕ್ಕಿದೆ. ಎಷ್ಟು ಜೋರಾಗಿ ಎಂದರೆ, ನಿಲ್ಲಿಸಿ ನೋಡುವಷ್ಟರಲ್ಲಿ ವಿ ಆಕಾರದ ಹಳ್ಳ ದುಂಡಗಾಗಿ ಯು ಆಗಿತ್ತು. ಬಡಿಗೇರ ಸರ್ ಎರಡೂ ತುಂಡು ಕೂಡಿಸಿ ಕಿಟಕಿಗೆ ಹಿಡಿದರು. ಸಂದಿನಿಂದ ಬೆಳಕಷ್ಟೇ ಅಲ್ಲ, ಬೈಪಾಸಿನಲ್ಲಿ ಹೋಗುವ ಲಾರಿಗಳೂ ಕಾಣುತ್ತಿದ್ದವು. ಸರ್ ಜಾಬನ್ನು ಸ್ಕ್ರ್ಯಾಪಿನ ಪೆಟ್ಟಿಗೆಗೆ ಒಗೆದು, ಕಪಾಟಿನಿಂದ ಬೇರೆ ಎರಡು ತಟ್ಟೆ ತೆಗೆದುಕೊಟ್ಟು, "ತಂಗಿ, ಇದು ಎರಡನೇದು. ಮೂರನೇದು ಕೊಡೂದಿಲ್ಲ. ದಸರಾ ಸೂಟಿ ಮುಗದ ಮರುದಿನ ನನಗ ಜಾಬ್ ಬೇಕು" ಎಂದರು. ಕಬ್ಬಿಣ ಪೆಟ್ಟಿಗೆಯ ತಳಕ್ಕೆ ಬಿದ್ದ ಸಪ್ಪಳ ಮಾತ್ರ ಬಸ್ಸಿನಲ್ಲಿ ಧಾರವಾಡದ ತನಕ ನನ್ನ ಜೊತೆಗೆ ಬಂತು.

ಅಂದು ಸಂಜೆಯೇ ತೀರ್ಮಾನಿಸಿದೆ. ಇದು ನನಗೆ ಆಗದ ಕೆಲಸ. ಬಿಟ್ಟುಬಿಡಬೇಕು, ಇಲ್ಲೇ ಧಾರವಾಡದಲ್ಲಿ ಬಿ.ಎ. ಸೇರಬೇಕು. ಆದರೆ ಅಪ್ಪನಿಗೆ ಹೇಳುವ ಧೈರ್ಯವಿರಲಿಲ್ಲ. ಸೀಟು ಬಂದ ದಿನ ಅವರು ಕಚೇರಿಯಲ್ಲಿ ಎರಡು ವಿಭಾಗಕ್ಕೆ ಪೇಢೆ ಹಂಚಿದ್ದರು. ಆದ್ದರಿಂದ ವರಾಂಡದಲ್ಲಿ ಕೂತಿದ್ದ ಅಜ್ಜನ ಹತ್ತಿರ ಹೋದೆ.

"ಅಜ್ಜಾ, ನನಗ ಇದು ಆಗೂದಿಲ್ಲ. ಸಂಸ್ಕೃತ ತಗೊಂಡು ಬಿ.ಎ. ಮಾಡತೇನಿ, ಅವ್ವನ ಹಂಗ."

ಅಜ್ಜ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಬಿಡಬ್ಯಾಡ ಅಂತ ನಾ ಹೇಳೂದಿಲ್ಲ. ಆದ್ರ ರಾಗಾ ಅರ್ಧಾ ಹಾಡಿ ಎದ್ದು ಹೋಗಬಾರದು ನೋಡು. ಈಗ ಕೈಯಾಗ ಏನದ?"

"ಕಬ್ಬಿಣದ ಎರಡು ತುಣಕು ಅದಾವ."

"ಅವನ್ನ ಕೂಡಸು. ಕೂಡಿದ್ರ ಹೋಗೂದು, ಓದೂದು. ಕೂಡಲಿಲ್ಲ ಅಂದ್ರ ನಿಮ್ಮಪ್ಪಗ ನಾನ ಹೇಳತೇನಿ, ನೀ ಬಾಯಿ ಬಿಡೂದು ಬ್ಯಾಡ."

ಹೀಗೆ ನನ್ನ ಇಡೀ ಭವಿಷ್ಯ ಅಂಗೈಯಗಲದ ಕಬ್ಬಿಣದ ಮೇಲೆ ಬಂದು ಕೂತಿತು. ಎಂಜಿನಿಯರಿಂಗೋ ಸಂಸ್ಕೃತವೋ ಎಂಬುದನ್ನು ಒಂದು ಸಂದು ನಿರ್ಧರಿಸಬೇಕಾಗಿತ್ತು. ಸೂಟಿಗೆ ಕಾಲೇಜು ಮುಚ್ಚುವ ದಿನ ನಾನು ಒರಟಾಗಿ ಕತ್ತರಿಸಿ ಮುಗಿಸಿದ್ದ ಜಾಬನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ ಮನೆಗೆ ತಂದೆ. ಹಾಗೆ ತರಬಾರದೆಂಬ ನಿಯಮವಿತ್ತು. ರೇಣುಕಾ ತನ್ನ ಮನೆಯ ನುಣುಪು ಅರವೊಂದನ್ನು ತಂದುಕೊಟ್ಟು, "ಹಗೂರಕ ತಿಕ್ಕು ಮತ್ತ. ಈ ಸಲ ಯು ಮಾಡಿದ್ರ ಮುಂದ ಡಬ್ಲ್ಯೂ ಮಾಡತೀ" ಎಂದು ಹರಸಿದ್ದಳು.

ಕಬ್ಬಿಣವನ್ನು ಕಚ್ಚಿ ಹಿಡಿಯುವ ವೈಸ್ ಮನೆಯಲ್ಲಿ ಎಲ್ಲಿಂದ ಬರಬೇಕು? ಒಂದು ಹಳೆಯ ಮಣೆಗೆ ಜಾಬನ್ನು ಹಗ್ಗದಿಂದ ಬಿಗಿದು, ಅಜ್ಜಿ ಈಳಿಗೆಮಣೆ ಹತ್ತಿ ಕೂರುವ ಹಾಗೆ ಒಂದು ಕಾಲು ಮಡಚಿ ಅದರ ಮೇಲೆ ಕೂತು, ಹಿತ್ತಲ ಕಟ್ಟೆಯಲ್ಲಿ ತಿಕ್ಕಲು ಶುರು ಮಾಡಿದೆ. ಐದು ನಿಮಿಷವಾಗಿರಬಹುದು, ಒಳಗಿನಿಂದ ಅಜ್ಜ ಎದ್ದು ಬಂದರು. ಸಪ್ಪಳಕ್ಕೆ ಸಿಟ್ಟು ಬಂದಿರಬೇಕು ಎಂದುಕೊಂಡೆ.

"ಲಯಾ ತಪ್ಪಲಿಕ್ಕೆ ಹತ್ತೇದ" ಎಂದರು ಅಜ್ಜ.

"ಇದು ಕಬ್ಬಿಣಾ, ಅಜ್ಜಾ."

"ಇರವಲ್ತ್ಯಾಕ. ಒಮ್ಮೆ ಓಡಸ್ತೀ, ಒಮ್ಮೆ ನಿಂದರಸ್ತೀ. ಹೋಗೂವಾಗ ಒಂದು ಸಪ್ಪಳಾ, ಬರೂವಾಗ ಒಂದು ಸಪ್ಪಳಾ. ಮೊದಲು ವಿಲಂಬಿತದಾಗ ತಿಕ್ಕು."

ಅಜ್ಜ ಕಟ್ಟೆಯ ಮೇಲೆ ಕೂತು ತೊಡೆ ತಟ್ಟುತ್ತ ತೀನತಾಲ ಹಿಡಿದರು. ಧಾ ಧಿನ್ ಧಿನ್ ಧಾ. ನಾನು ಒಂದು ಮಾತ್ರೆಗೆ ಒಂದು ಸಲ ಅರ ಎಳೆದೆ. ನಗು ಬಂತು, ಅಜ್ಜ ನಗಲಿಲ್ಲವಾದ್ದರಿಂದ ನಾನೂ ಸುಮ್ಮನಾದೆ. ಚಿಕ್ಕವಳಿದ್ದಾಗ ಅಜ್ಜ ನನಗೆ ಹಾಡು ಕಲಿಸಲು ಮೂರು ವರ್ಷ ಒದ್ದಾಡಿ ಕೈಬಿಟ್ಟಿದ್ದರು. ತಾಳವೊಂದು ಹೇಗೋ ಒಳಗೆ ಉಳಿದಿತ್ತು. ಆಶ್ಚರ್ಯವೆಂದರೆ ಕಬ್ಬಿಣ ಮಾತು ಕೇಳಿತು. ಸಪ್ಪಳ ಒಂದೇ ಸಮ ಬಂದರೆ ಮೈಯೂ ಸಮ ಬರುತ್ತದೆ, ಕರ್ಕಶವಾದರೆ ಅಲ್ಲಿ ಏರು ಇದೆ ಎಂದರ್ಥ. ನಾಲ್ಕು ದಿನ ಹೀಗೆ ಹಿತ್ತಲಿನಲ್ಲಿ ನಮ್ಮ ಕಚೇರಿ ನಡೆಯಿತು. ಅಷ್ಟಮಿಯ ಸಂಜೆ ಜಾಬನ್ನು ಕೂಡಿಸಿ ಆಕಾಶಕ್ಕೆ ಹಿಡಿದೆ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬೆಳಕು, ಉಳಿದದ್ದೆಲ್ಲ ಮುಚ್ಚಿಹೋಗಿತ್ತು. ನಾನು ನನ್ನ ಕೈಯಿಂದ ಮಾಡಿದ ಮೊದಲ ವಸ್ತು ಅದು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ: ಅಂದು ಊಟದ ನಡುವೆ ಎರಡು ಸಲ ಎದ್ದು ಹೋಗಿ ಅದನ್ನು ನೋಡಿ ಬಂದೆ. ಉಳಿದ ಕೂದಲೆಳೆಯನ್ನು ನಾಳೆ ಮುಗಿಸಿದರಾಯಿತು ಎಂದು ಮೇಜಿನ ಮೇಲಿಟ್ಟೆ.

ನಾಳೆ ಎಂದರೆ ಖಂಡೇನವಮಿ. ಆಯುಧಗಳ ಪೂಜೆಯ ದಿನ. ಈ ಹಬ್ಬದಲ್ಲಿ ನಮ್ಮ ಅಜ್ಜಿಗೆ ಒಂದು ಹಳೆಯ ಕೊರಗಿದೆ. ಪಕ್ಕದ ಮನೆಯಲ್ಲಿ ಗ್ಯಾರೇಜಿನವರು ಇದ್ದಾರೆ; ನವಮಿಯ ದಿನ ಅವರ ಪಡಸಾಲೆಯಲ್ಲಿ ಪಾನಾ, ಜಾಕು, ಸರಪಳಿ, ಏನೆಲ್ಲ ಸಾಲಾಗಿ ಕೂತಿರುತ್ತವೆ. ನಮ್ಮ ಮನೆಯಲ್ಲಿ ಪೂಜೆಗೆ ಸಿಗುವುದು ಅಜ್ಜನ ತಂಬೂರಿ, ಅಪ್ಪನ ಪೆನ್ನು, ಅವ್ವನ ಪುಸ್ತಕ, ಈಳಿಗೆಮಣೆ, ಸ್ಕೂಟರು. ಈಳಿಗೆಮಣೆಯೊಂದನ್ನು ಬಿಟ್ಟರೆ ಯಾವುದರಿಂದಲೂ ಯಾರಿಗೂ ಏನೂ ಆಗುವಂತಿಲ್ಲ. "ಆಯುಧಾ ಅನ್ನೂಹಂಥಾದ್ದು ಒಂದರೆ ಇರಬೇಕಿತ್ತು" ಎಂದು ಅಜ್ಜಿ ಪ್ರತಿ ವರ್ಷ ಕುಂಕುಮ ಕಲಸುತ್ತ ಅನ್ನುತ್ತಿದ್ದಳು. ಆ ಬೆಳಿಗ್ಗೆ ನಾನು ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದೆ. ತೊಳೆದು ಒಳಗೆ ಬರುವಷ್ಟರಲ್ಲಿ ಪೂಜೆ ಮುಗಿದಿತ್ತು. ಸಾಲಿನ ನಡುವೆ, ತಂಬೂರಿಗಿಂತ ಮುಂದೆ, ಬೆಳ್ಳಿಯ ತಟ್ಟೆಯಲ್ಲಿ, ತಲೆಯ ಮೇಲೆ ಚೆಂಡುಹೂವು ಹೊತ್ತು ನನ್ನ ಜಾಬ್ ಕೂತಿತ್ತು. ಮೈತುಂಬ ಅರಿಶಿನ ಕುಂಕುಮ. ಸುತ್ತಲೂ ಹಾಲು ಮೊಸರಿನ ಕೆರೆ.

"ಅಜ್ಜಿ, ಇದ್ಯಾಕ ಇಲ್ಲೆ ಬಂತು?"

"ನೀ ಮಾಡಿದ್ದಲ್ಲಾ? ನಮ್ಮ ಮನಿತನದಾಗ ಯಾರರೆ ಕಬ್ಬಿಣದ್ದು ಏನರೆ ಮಾಡಿದ್ದು ಇದ ಮೊದಲು ನೋಡವಾ. ಅದಕ್ಕ ಎಲ್ಲಾದಕ್ಕೂ ಮೊದಲು ಇದಕ್ಕ ಪಂಚಾಮೃತ ಅಭಿಷೇಕ ಮಾಡಿದೆ."

"ಎರಡು ತುಣಕು ಇದ್ದವಲ್ಲ?"

"ಮುರದದ್ದನ್ನ ಪೂಜಿಗೆ ಇಡಬಾರದು. ಕೂಡಿಸಿ ನೋಡಿದೆ, ಒಂದು ಮೂಲ್ಯಾಗ ಸಂದು ಕಾಣಸ್ತಿತ್ತು. ಅಜ್ಜನ ಸುತ್ತಿಗೀಲೆ ನಾಕು ಪೆಟ್ಟು ಹಾಕಿದೆ. ಈಗ ನೋಡು, ಹೆಂಗ ಕೂತದ!"

ನಾನು ಕೈ ಚಾಚಿದೆ. ಅಜ್ಜಿ ತಡೆದಳು. ಪೂಜೆಗಿಟ್ಟದ್ದನ್ನು ಮರುದಿನ ದಶಮಿಯ ಪೂಜೆಯಾಗುವ ತನಕ ಕದಲಿಸುವಂತಿಲ್ಲ. ಕಬ್ಬಿಣ, ಮೊಸರು, ತುಕ್ಕು ಎಂದು ನಾನು ಪಿಯುಸಿಯಲ್ಲಿ ಕಲಿತ ರಸಾಯನಶಾಸ್ತ್ರವನ್ನೆಲ್ಲ ಹೇಳಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು, "ನಿಯಮ ಅಂದ್ರ ನಿಯಮ. ನನ್ನ ಪೆನ್ನೂ ಅಲ್ಲೇ ಅದ" ಎಂದರು. ಅವ್ವ ಅಡುಗೆಮನೆಗೆ ಹೋದಳು. ನಾನು ಅಜ್ಜನ ಮುಖ ನೋಡಿದೆ. ನಾಲ್ಕು ದಿನ ನನ್ನ ಜೊತೆ ತಾಳ ಹಾಕಿದ ಮನುಷ್ಯ ಈಗ ಜಂತಿ ಎಣಿಸುತ್ತಿದ್ದರು. ಐವತ್ತು ವರ್ಷ ಸಂಸಾರ ಮಾಡಿದವರಿಗೆ ಯಾವಾಗ ಜಂತಿ ಎಣಿಸಬೇಕೆಂಬುದು ಗೊತ್ತಿರುತ್ತದೆ. ಇಡೀ ದಿನ ನಾನು ಬಾಗಿಲಲ್ಲಿ ಕೂತು, ನನ್ನ ಕಬ್ಬಿಣ ಮೊಸರು ಕುಡಿಯುವುದನ್ನು ದೂರದಿಂದ ನೋಡಿದೆ.

ದಶಮಿಯ ಪೂಜೆ ಮುಗಿದು ಕೈಗೆ ಬಂದಾಗ ಜಾಬ್ ಕಂದು ಬಣ್ಣಕ್ಕೆ ತಿರುಗಿತ್ತು. ತೊಳೆದು ಒರೆಸಿದೆ. ಮೇಲಿನ ತುಕ್ಕು ಅಷ್ಟಿಷ್ಟು ಹೋಯಿತು. ಆದರೆ ಎರಡು ತುಂಡುಗಳು ಬೇರೆಯಾಗಲಿಲ್ಲ. ಜೇನು, ಸಕ್ಕರೆ, ಕುಂಕುಮ, ತುಕ್ಕು ಎಲ್ಲ ಸೇರಿ ಸಂದಿನಲ್ಲಿ ಗಟ್ಟಿಯಾಗಿ ಕೂತಿದ್ದವು. ಜೊತೆಗೆ ಅಜ್ಜಿಯ ನಾಲ್ಕು ಪೆಟ್ಟು. ಕೊಬ್ಬರಿ ಎಣ್ಣೆ ಬಿಟ್ಟೆ, ಬಿಸಿನೀರಿನಲ್ಲಿಟ್ಟೆ, ಅಪ್ಪ ಒಂದು ಕಡೆ ನಾನು ಒಂದು ಕಡೆ ಹಿಡಿದು ಜಗ್ಗಿದೆವು. "ಕೂಡಸೂದ ಅಲ್ಲೇನು ನಿನ್ನ ಪರೀಕ್ಷಾ? ಕೂಡಿದ್ದನ್ನ ಯಾಕ ಬಿಡಸ್ತೀ?" ಎಂದು ಅಜ್ಜಿ ಬೇಸರ ಮಾಡಿಕೊಂಡಳು. ಅಪ್ಪ ಕೊನೆಗೆ ತಮಗೆ ಬರುವ ಕೆಲಸ ಮಾಡಿದರು: ಒಂದು ಅರ್ಜಿ ಬರೆದುಕೊಟ್ಟರು. 'ಹಬ್ಬದ ಪ್ರಯುಕ್ತ ಸದರಿ ಕಬ್ಬಿಣಕ್ಕೆ ತುಕ್ಕು ಹಿಡಿದಿರುವುದರಿಂದ ದಯಮಾಡಿ ಮನ್ನಿಸಬೇಕಾಗಿ ವಿನಂತಿ' ಎಂದಿತ್ತು.

ಖರೇ ಹೇಳಬೇಕೆಂದರೆ ನನಗೆ ಒಳಗೊಳಗೆ ಹಗುರವೂ ಆಗಿತ್ತು. ಇನ್ನು ನಾನು ಸೋತು ಬಿಟ್ಟಂತೆ ಆಗುವುದಿಲ್ಲ. ದೇವರೇ ಬಿಡಿಸಿದಂತೆ ಆಗುತ್ತದೆ. ಸಂಸ್ಕೃತ ಓದಲು ಇದಕ್ಕಿಂತ ಒಳ್ಳೆಯ ಕಾರಣ ಯಾರಿಗೂ ಸಿಕ್ಕಿರಲಾರದು. ಆದರೆ ಅಷ್ಟಮಿಯ ಸಂಜೆ ಕಂಡ ಆ ಕೂದಲೆಳೆಯಷ್ಟು ಬೆಳಕು ನೆನಪಾದರೆ ಹೊಟ್ಟೆ ಉರಿಯುತ್ತಿತ್ತು. ಹಗುರವಾದವರಿಗೆ ಹೊಟ್ಟೆ ಯಾಕೆ ಉರಿಯಬೇಕು ಎಂದು ವಿಚಾರ ಮಾಡುವ ಗೋಜಿಗೆ ನಾನು ಹೋಗಲಿಲ್ಲ.

ಸೂಟಿ ಮುಗಿದ ಮರುದಿನ ವರ್ಕ್‌ಶಾಪಿಗೆ ಹೋದೆ. ಯಂತ್ರಗಳ ಮೇಲೆ ಅಲ್ಲಿಯವರ ಪೂಜೆಯ ಚೆಂಡುಹೂವು ಇನ್ನೂ ಬಾಡಿರಲಿಲ್ಲ. ಬಡಿಗೇರ ಸರ್‌ಗೆ ಬನ್ನಿ ಎಲೆ ಕೊಟ್ಟು ನಮಸ್ಕಾರ ಮಾಡಿದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಅವರೂ ಕೊಟ್ಟು, ಇನ್ನೊಂದು ಕೈ ಚಾಚಿದರು. ಜಾಬ್ ಕೊಟ್ಟೆ. ಮನೆಗೆ ಒಯ್ದದ್ದು, ಅಭಿಷೇಕ, ಅಪ್ಪನ ಅರ್ಜಿ, ಎಲ್ಲವನ್ನೂ ಹೇಳಬೇಕೆಂದು ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಅವರು ಅದನ್ನು ಕಿಟಕಿಗೆ ಎತ್ತಿ ಹಿಡಿದರು. ಹಿಡಿದೇ ಇದ್ದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಏ, ಎಲ್ಲಾರೂ ಇಲ್ಲಿ ಬರ್ರಿ" ಎಂದು ಕರೆದರು. "ನೋಡ್ರಿ ಇಲ್ಲೆ. ಒಂದು ತಟಗೂ ಬೆಳಕು ಬೀಳವಲ್ತು. ಬಣ್ಣ ಹೋಗೇತಿ, ಹೋಗಲಿ. ಇಂಥಾ ಫಿಟ್ಟಿಂಗ್ ಈ ಬ್ಯಾಚಿನ್ಯಾಗ ಯಾರೂ ಮಾಡಿಲ್ಲ."

ಆಗಲಾದರೂ ನಾನು ನಿಜ ಹೇಳಬೇಕಿತ್ತು. ಹೇಳಲಿಲ್ಲ. ಏಳು ಅಂಕದ ಮೇಲೆ ಮೊದಲ ಸಲ ಯಾರೋ ನನ್ನನ್ನು ಹೊಗಳುತ್ತಿದ್ದರು. ಅದು ಎರಡು ನಿಮಿಷ ನಡೆಯಲಿ ಎನ್ನಿಸಿತು. ರೇಣುಕಾ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಸರ್ ತುಂಡನ್ನು ಮಗುಚಲೆಂದು ಬಿಡಿಸಲು ನೋಡಿದರು. ಬರಲಿಲ್ಲ. ವೈಸಿಗೆ ಹಾಕಿ ಜಗ್ಗಿದರು. ಬರಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿದರು. ಬರಲಿಲ್ಲ. ಆಮೇಲೆ ಅದನ್ನು ಮೂಗಿನ ಹತ್ತಿರ ಒಯ್ದರು.

"ತಂಗಿ, ಇದಕ್ಕ ಏನ ಹಚ್ಚೀಯವ್ವಾ?"

"ಹಾಲು, ಮೊಸರು, ತುಪ್ಪಾ, ಜೇನು, ಸಕ್ರಿ ರೀ ಸರ್" ಎಂದೆ. ಉಳಿದದ್ದೂ ತಾನಾಗಿಯೇ ಹೊರಬಂತು. ಕದ್ದು ಒಯ್ದದ್ದು, ತೀನತಾಲ, ಬೆಳ್ಳಿಯ ತಟ್ಟೆ, ನಾಲ್ಕು ಪೆಟ್ಟು.

ಬ್ಯಾಚಿಗೆ ಬ್ಯಾಚೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೇಣುಕಾ ಮೇಜಿನ ಕೆಳಗೆ ಕೂತು ನಕ್ಕಳು. ಬಡಿಗೇರ ಸರ್ ಮಾತ್ರ ನಗಲಿಲ್ಲ. ಪೂಜೆಯಾದದ್ದು ಎಂದು ತಿಳಿದ ಕೂಡಲೇ ಅವರು ಚಪ್ಪಲಿ ಕಳಚಿ, ಜಾಬನ್ನು ಎರಡೂ ಕಣ್ಣಿಗೆ ಒತ್ತಿಕೊಂಡಿದ್ದರು.

"ಮೂವತ್ತು ವರ್ಸ ಆತು ನಾ ಇಲ್ಲಿ ನಿಂತು" ಎಂದರು ನಿಧಾನವಾಗಿ. "ಬೆಳಕಿನ ಬಾಯಾಗ ಸುಳ್ಳ ಹೇಳಿಸಿದವರು ನಿಮ್ಮ ಅಜ್ಜಿಯವರು ಒಬ್ಬರ ನೋಡು."

ಆಮೇಲೆ ಒಂದು ತೊಡಕು ಬಂತು. ಬಿಡಿಸಲು ಬಾರದ ಜಾಬಿಗೆ ಅಂಕ ಕೊಡುವಂತಿಲ್ಲ. ಪೂಜೆಯಾದದ್ದನ್ನು ಸ್ಕ್ರ್ಯಾಪಿಗೆ ಒಗೆಯುವಂತಿಲ್ಲ. ಸರ್ ಅದನ್ನು ಒಯ್ದು ಗೋಡೆಯ ಮೇಲಿನ ದೇವರ ಫೋಟೋದ ಪಕ್ಕ ಹಲಗೆಯ ಮೇಲೆ ಇಟ್ಟರು. ತಿರುಗಿ ಬಂದು ಕಪಾಟು ತೆರೆದು ಹೊಸ ಎರಡು ತಟ್ಟೆ ನನ್ನ ಮುಂದೆ ಹಿಡಿದರು.

"ಮೂರನೇದು ಕೊಡೂದಿಲ್ಲ ಅಂದಿದ್ರಲ್ರಿ ಸರ್?" ಎಂದೆ. ಸುಮ್ಮನೆ ತೆಗೆದುಕೊಳ್ಳಬೇಕಾಗಿತ್ತು, ಮಾಳಮಡ್ಡಿಯವರಿಗೆ ಸುಮ್ಮನೆ ತೆಗೆದುಕೊಳ್ಳಲು ಬರುವುದಿಲ್ಲ.

"ಇದು ಎರಡನೇದ. ಅದು ದೇವರ ಪಾಲಿಗೆ ಹೋತು. ಶುಕ್ರವಾರ ತನಕಾ ಟೈಮ್ ಐತಿ, ನಡಿ."

ಆಗ ಬೇಡ ಎನ್ನಬಹುದಾಗಿತ್ತು. ಜಾಬ್ ಕೂಡಲಿಲ್ಲ, ಕರಾರು ಮುಗಿಯಿತು, ಮನೆಗೆ ಹೋಗಿ ಅಜ್ಜನಿಗೆ ಹೇಳಿದರೆ ನನಗೆ ಬಿಡುಗಡೆ. ಆದರೆ ನನ್ನ ಕೈ ಅಷ್ಟರಲ್ಲೇ ತಟ್ಟೆಯನ್ನು ವೈಸಿಗೆ ಬಿಗಿಯುತ್ತಿತ್ತು. ಮನಸ್ಸಿನಲ್ಲಿ ಇದ್ದದ್ದು ಒಂದೇ: ಅಷ್ಟಮಿಯ ದಿನ ಆ ಕೆಲಸ ನನ್ನ ಕೈಗೆ ಬಂದಿತ್ತು, ಅದು ಸುಳ್ಳಲ್ಲ ಎಂದು ಈ ನಗುವವರಿಗೆಲ್ಲ ತೋರಿಸಬೇಕು. ನಾಲ್ಕು ಮಧ್ಯಾಹ್ನ ತಿಕ್ಕಿದೆ. ಎರಡನೇ ದಿನ ರೇಣುಕಾ, "ಅದೇನ ಮಂತ್ರಾ ಅನ್ನಾಕತ್ತೀಯೇ?" ಎಂದು ಕೇಳಿದಾಗಲೇ ನಾನು ಗಟ್ಟಿಯಾಗಿ ಧಾ ಧಿನ್ ಧಿನ್ ಧಾ ಹೇಳುತ್ತಿದ್ದೇನೆಂದು ಗೊತ್ತಾಯಿತು. ಶುಕ್ರವಾರ ಸರ್ ಜಾಬನ್ನು ಕಿಟಕಿಗೆ ಹಿಡಿದರು. ಬಿಡಿಸಿ, ಮಗುಚಿ, ಮತ್ತೆ ಹಿಡಿದರು.

"ಬೀಳತೈತಿ" ಎಂದರು. "ಒಂದು ಎಳೀಯಷ್ಟು ಬೀಳತೈತಿ. ಮನಶ್ಯಾರು ಮಾಡಿದ ಜಾಬ್ ಹಿಂಗ ಇರತೈತಿ." ಪುಸ್ತಕದಲ್ಲಿ ಸಹಿ ಹಾಕಿದರು.

ಸಂಜೆ ಅಜ್ಜ ವರಾಂಡದಲ್ಲೇ ಕಾಯುತ್ತಿದ್ದರು. "ಕೂಡಿತೇನು?"

"ಕೂಡಿತು. ಸ್ವಲ್ಪ ಬೆಳಕು ಬೀಳತದ."

"ಹಂಗಾರ ನಿಮ್ಮಪ್ಪಗ ಹೇಳೂದೋ, ಬ್ಯಾಡೋ?"

"ಈ ವಾರ ಬ್ಯಾಡ, ಅಜ್ಜಾ. ಸೋಮವಾರ ವೆಲ್ಡಿಂಗ್ ಅದ."

ವೆಲ್ಡಿಂಗ್ ಆದ ಮೇಲೆ ಪರೀಕ್ಷೆ ಬಂತು, ಪರೀಕ್ಷೆಯಾದ ಮೇಲೆ ಎರಡನೇ ಸೆಮಿಸ್ಟರು. ಆ ವಿಷಯವನ್ನು ಅಪ್ಪನ ತನಕ ಒಯ್ಯಲು ಇಬ್ಬರಿಗೂ ಪುರುಸೊತ್ತಾಗಲಿಲ್ಲ. ಗಣಿತ ಮಾತ್ರ ಕೊನೆಯತನಕ ನನ್ನ ಮೇಲೆ ಸಿಟ್ಟಿನಲ್ಲೇ ಇತ್ತು.

ಈಗ ಮೂರನೇ ವರ್ಷದಲ್ಲಿದ್ದೇನೆ. ಪಂಚಾಮೃತದ ಜಾಬ್ ಇನ್ನೂ ಆ ಹಲಗೆಯ ಮೇಲೆಯೇ ಇದೆ. ಪ್ರತಿ ಹೊಸ ಬ್ಯಾಚಿಗೂ ಬಡಿಗೇರ ಸರ್ ಅದನ್ನು ತೆಗೆದು ಕಿಟಕಿಗೆ ಹಿಡಿದು, "ಬೆಳಕು ಬೀಳದ ಜಾಬ್ ಈ ವರ್ಕ್‌ಶಾಪಿನ್ಯಾಗ ಇದೊಂದ ಐತಿ" ಎಂದು ತೋರಿಸುತ್ತಾರಂತೆ. ಉಳಿದ ಕಥೆ ಹೇಳುವುದಿಲ್ಲವಂತೆ. ಅದರ ಮೇಲೆ ಪಂಚ್ ಮಾಡಿರುವುದು ನನ್ನ ನಂಬರು. ಮೊನ್ನೆ ಮೊದಲ ವರ್ಷದ ಒಬ್ಬ ಹುಡುಗಿ ಕ್ಯಾಂಟೀನಿನಲ್ಲಿ ಹುಡುಕಿಕೊಂಡು ಬಂದಳು. ಅಂಗೈಯಲ್ಲಿ ಬೊಕ್ಕೆ ಎದ್ದಿದ್ದವು. "ಅಕ್ಕಾರ, ಅದನ್ನ ಹೆಂಗ ಮಾಡಿದ್ರಿ?" ಎಂದಳು. "ಸಾವಕಾಶ ತಿಕ್ಕಬೇಕು, ಒಂದ ಲಯದಾಗ" ಎಂದೆ. ಹೇಳಿದ್ದು ಸುಳ್ಳಲ್ಲ, ಆ ಜಾಬಿನ ಬಗ್ಗೆ ಅಲ್ಲ ಅಷ್ಟೇ.

ಇನ್ನು ಎಂಟು ದಿನಕ್ಕೆ ಖಂಡೇನವಮಿ. ನಿನ್ನೆ ಅಜ್ಜಿ ಬೆಳ್ಳಿಯ ತಟ್ಟೆ ತಿಕ್ಕುತ್ತ, "ಈ ವರ್ಷ ಏನ ಮಾಡೀ?" ಎಂದು ಕೇಳಿದಳು. ಹೋದ ವರ್ಷವೂ ಕೇಳಿದ್ದಳು. ಪರೀಕ್ಷೆಯ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಲ್ಯಾಪ್‌ಟಾಪ್ ತೆರೆದು, ಆರು ತಿಂಗಳಿನಿಂದ ಬರೆಯುತ್ತಿರುವ ಪ್ರೋಗ್ರಾಂ ತೋರಿಸಿದೆ. ಅಜ್ಜಿ ಕಣ್ಣು ಹತ್ತಿರ ತಂದು ಪರದೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿದಳು.

"ಈ ಡಬ್ಬಿ ನೀ ಮಾಡಿಯೇನು?"

"ಇಲ್ಲ. ಡಬ್ಬಿ ಕೊಂಡದ್ದು. ಒಳಗಿಂದು ನಾ ಮಾಡಿದ್ದು."

"ಒಳಗಿಂದಕ್ಕ ಕುಂಕುಮ ಎಲ್ಲೆ ಹಚ್ಚಲಿ?" ಎಂದಳು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದೆಗೆ ಅವಚಿಕೊಂಡೆ. ಅಜ್ಜಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. "ಹೋಗಲಿ ಬಿಡು. ಆ ಹಳೇ ಕಬ್ಬಿಣಾನರೆ ಕಾಲೇಜಿನಿಂದ ಇಸಗೊಂಡು ಬಾ, ಅದನ್ನ ಇಡೂಣು" ಎಂದಳು.

ನಾಳೆ ಬಡಿಗೇರ ಸರ್ ಹತ್ತಿರ ಹೋಗಿ ಕೇಳಬೇಕು. ಕೊಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಒಯ್ಯುವವರು ರಿಜಿಸ್ಟರಿನಲ್ಲಿ ಜಾಬ್ ಮಾಡಿದವರ ಹೆಸರು ಬರೆದು ಸಹಿ ಹಾಕಬೇಕಂತೆ. ಅಲ್ಲಿ ನನ್ನ ಹೆಸರು ಬರೆಯುವುದೋ, ಅಜ್ಜಿಯ ಹೆಸರು ಬರೆಯುವುದೋ ಎಂದು ಬೆಳಗಿನಿಂದ ವಿಚಾರ ಮಾಡುತ್ತಿದ್ದೇನೆ.